ಮನೆಯ ಕಾವಲಿಯಲ್ಲಿ ಮೀನಿನ ಟಾಕೊ

ದಿನವಿಡೀ ಗಲ್ಲಾದಲ್ಲಿ ಕುಳಿತು ಹೊತ್ತಿಲ್ಲದ ಹೊತ್ತಿಗೆ ವಡೆ-ಬಜ್ಜಿ ತಿನ್ನುವ ನಮಗೆ ಡಾಕ್ಟರು ಹೇಳುವುದು ಒಂದೇ ಮಾತು: ಎಣ್ಣೆ ಕಡಿಮೆ ಮಾಡಿ. ರಜೆಯ ದಿನ ಮನೆಯಲ್ಲಿ ಇದನ್ನು ಮಾಡಿ ನೋಡಿ.

ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾ ಕರಾವಳಿಯ ಎನ್ಸೆನಾಡಾ ಊರು ಮೀನಿನ ಟಾಕೊಗೆ ಹೆಸರುವಾಸಿ. ಅಲ್ಲಿ ಮೀನನ್ನು ಹಿಟ್ಟಿನಲ್ಲಿ ಅದ್ದಿ ಕರಿದು, ಮೆಕ್ಕೆಜೋಳದ ರೊಟ್ಟಿಯಲ್ಲಿಟ್ಟು, ಹಸಿ ಕೋಸು, ಬಿಳಿ ಸಾಸ್, ಲಿಂಬೆರಸ ಹಾಕಿ ಕೊಡುತ್ತಾರೆ. ನಾವು ಕರಿಯುವುದನ್ನು ಬಿಟ್ಟೆವು.

ಕಷ್ಟವಿರುವುದು ರೊಟ್ಟಿಯಲ್ಲಿ. ಅಲ್ಲಿಯವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ಅರೆಯುತ್ತಾರೆ. ಅದರಿಂದ ಹಿಟ್ಟಿಗೆ ಹಿಡಿತ ಬರುತ್ತದೆ. ನಮ್ಮ ಅಂಗಡಿಯ ಹಿಟ್ಟು ಹಾಗಲ್ಲ, ಮಡಚಿದೊಡನೆ ಒಡೆಯುತ್ತದೆ. ಅದಕ್ಕೆ ಸಮಪಾಲು ಗೋಧಿಹಿಟ್ಟು ಬೆರೆಸಿ ಬಿಸಿನೀರಿನಲ್ಲಿ ಕಲಸಿ. ಸುಟ್ಟ ರೊಟ್ಟಿಯನ್ನು ತಕ್ಷಣ ಬಟ್ಟೆಯಲ್ಲಿ ಸುತ್ತಿಡಿ, ಮೆತ್ತಗಿರುತ್ತದೆ. ಮೈದಾ ಬೇಡವೇ ಬೇಡ.

ನಾಲ್ವರಿಗೆ ಮುಳ್ಳು ತೆಗೆದ ಅಂಜಲ್ ಅರ್ಧ ಕಿಲೊ ಸಾಕು. ಬೆರಳು ದಪ್ಪದ ತುಂಡು ಮಾಡಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಒದ್ದೆ ಮೀನು ಕಾವಲಿಯಲ್ಲಿ ಬೇಯುತ್ತದೆ, ಕೆಂಪಾಗುವುದಿಲ್ಲ. ಉಪ್ಪು, ಮೆಣಸಿನಪುಡಿ, ಜೀರಿಗೆಪುಡಿ, ಬೆಳ್ಳುಳ್ಳಿ ಹಚ್ಚಿ, 2 ಚಮಚ ಎಣ್ಣೆಯಲ್ಲಿ ಒಂದೊಂದು ಬದಿ 2-3 ನಿಮಿಷ. ನಮ್ಮೂರ ಹುಣಸೆಹುಳಿ ಮಸಾಲೆಯ ಆಸೆ ಇಲ್ಲಿ ಬೇಡ, ಸಾಸಿನ ರುಚಿಯನ್ನೇ ನುಂಗಿಬಿಡುತ್ತದೆ!

ಸಾಸಿಗೆ ಮೇಯೊನೀಸ್ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಲಿಂಬೆರಸ, ಹಸಿಮೆಣಸು, ಕೊತ್ತಂಬರಿ ಸೊಪ್ಪು. ಕೋಸಿಗೆ ಉಪ್ಪು ಕೊನೆಗಳಿಗೆಯಲ್ಲಿ, ಇಲ್ಲವಾದರೆ ನೀರೊಡೆಯುತ್ತದೆ.

ಕುಳಿತವರ ತಟ್ಟೆಯಲ್ಲೇ ಮಡಚಿ ಕೊಡಿ. ಹೋಟೆಲಿನಲ್ಲೂ ಇಡುವ ಯೋಚನೆಯಿದ್ದರೆ ಪಾರ್ಸೆಲ್‌ಗೆ ಮೀನು, ರೊಟ್ಟಿ, ಸಾಸ್ ಮೂರನ್ನೂ ಬೇರೆ ಬೇರೆ ಕಟ್ಟಿ.