ಗ್ರಂಥಾಲಯದ ವೆಬ್‌ಸೈಟಿನಲ್ಲಿ ನಮ್ಮ ಗುಟ್ಟು

ನಮ್ಮ ಅಕ್ಕ ಹರಿಹರದಿಂದ ದಾವಣಗೆರೆಗೆ ದಿನಾಲೂ ಕಾಲೇಜಿಗೆ ಹೋಗುತ್ತಾಳೆ. ಒಂದು ದಿನ ಕಂಪ್ಯೂಟರ್ ಅಂಗಡಿಯಲ್ಲಿ ಕೂತು, ಕಾರ್ಡ್ ನಂಬರು, ಪಾಸ್‌ವರ್ಡ್ ಹಾಕಿ, ಗ್ರಂಥಾಲಯದ ವೆಬ್‌ಸೈಟಿನಲ್ಲಿ ಮೂರ್ಛೆರೋಗದ ಪುಸ್ತಕ ಹುಡುಕಿದಳು. ಲಾಗ್‌ಔಟ್ ಮಾಡೋದು ಮರೆತು ಎದ್ದು ಬಂದಳು. ಆಮೇಲೆ ಅಲ್ಲಿ ಕೂತವರು ಅವಳ ಹೆಸರು, ತಗೊಂಡ ಪುಸ್ತಕಗಳ ಪಟ್ಟಿ ಎಲ್ಲಾ ನೋಡಿಬಿಟ್ಟರು. ಮರುದಿನ ಬಸ್ಸಿನಲ್ಲಿ "ನಿಮ್ಮನೇಲಿ ಯಾರಿಗೆ ಫಿಟ್ಸ್?" ಅಂತ ಕೇಳಿದರಂತೆ. ಅಕ್ಕ ಬಾಳ ಅತ್ತಳು. ಯಾರಿಗೆ ಎಂದು ನಾನೂ ಇಲ್ಲಿ ಬರೆಯೋದಿಲ್ಲ. ಇಷ್ಟನ್ನೂ ಅಕ್ಕನನ್ನು ಕೇಳಿಯೇ ಬರೆದಿದ್ದೇನೆ.

ಬೇರೆಯವರ ಕಂಪ್ಯೂಟರು 'ಪಾಸ್‌ವರ್ಡ್ ಉಳಿಸಲೇ?' ಎಂದರೆ ಬೇಡ ಎನ್ನಬೇಕು. ಏಳುವ ಮುಂಚೆ ಲಾಗ್‌ಔಟ್ ಒತ್ತಬೇಕು. ಆದರೆ ಎಲ್ಲಾ ನಮ್ಮ ಕೈಯಲ್ಲೇ ಇಲ್ಲ. ನಮ್ಮ ದೇಶದ ಎಷ್ಟೋ ಕಾಲೇಜು ಗ್ರಂಥಾಲಯಗಳಲ್ಲಿ ಕೋಹಾ ಎಂಬ ತಂತ್ರಾಂಶ ಇದೆ. ಪುಸ್ತಕ ವಾಪಸ್ ಕೊಟ್ಟ ಮೇಲೆ ಓದಿದವರ ಹೆಸರು ಪಟ್ಟಿಯಲ್ಲಿ ಉಳಿಯದಂತೆ ಮಾಡುವ ಏರ್ಪಾಟು ಅದರಲ್ಲೇ ಉಂಟು. ಗ್ರಂಥಪಾಲಕರು ಅದನ್ನು ಚಾಲೂ ಮಾಡಬೇಕು, ಅಷ್ಟೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 24-8-2017ರಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು!

ನಮ್ಮ ಶಾಲೆಯ ಪುಸ್ತಕದ ರಿಜಿಸ್ಟರ್ ಮೇಜಿನ ಮೇಲೆ ತೆರೆದೇ ಇರುತ್ತದೆ. ಯಾರು ಏನು ಓದಿದರು ಅಂತ ನಾನೂ ಕದ್ದು ನೋಡಿದ್ದೇನೆ. ಮೇಷ್ಟ್ರೇ, ಅದನ್ನು ಬೀರುವಿನಲ್ಲಿ ಇಡಬಹುದಾ?