ಗಡಿಗಿಗೆ ಎಂಥಾ ಮಣ್ಣು ಬೇಕು?

ಸಾಯಿಲ್ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ನಾವು ಗಾಜಿನ ಹಲಗೆ ಮೇಲೆ ಮಣ್ಣನ್ನು 3 ಮಿ.ಮೀ. ದಪ್ಪದ ಎಳೆಯಾಗಿ ಹೊಸೆಯುತ್ತೇವೆ. ಆ ದಪ್ಪಕ್ಕೆ ಬಂದಾಗ ಎಳೆ ಬಿರಿಯತೊಡಗಿದರೆ, ಆಗ ಮಣ್ಣಿನಲ್ಲಿರುವ ನೀರಿನ ಪ್ರಮಾಣವೇ ಅದರ ಪ್ಲಾಸ್ಟಿಕ್ ಲಿಮಿಟ್. ಈ ಮಿತಿಗಳನ್ನು 1911ರಲ್ಲಿ ಸೂಚಿಸಿದವರು ಸ್ವೀಡನ್ನಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಆಟರ್‌ಬರ್ಗ್. ಕುಂಬಾರರು ಗಾಜಿನ ಹಲಗೆ ಇಲ್ಲದೆಯೇ ಹೆಚ್ಚು ಕಡಿಮೆ ಇದನ್ನೇ ನೋಡ್ತಾರೆ. ಹದ ಮಾಡಿದ ಮಣ್ಣನ್ನು ಬತ್ತಿಯಂತೆ ಹೊಸೆದು ಬೆರಳಿಗೆ ಸುತ್ತೋದು. ಬಿರಿಯದಿದ್ದರೆ ತಿಗರಿಗೆ ಏರಿಸಬಹುದು.

ಆದರೆ ಸುತ್ತಿದ ಕೂಡಲೇ ಗಡಿಗಿ ಆಗಿಬಿಡೋದಿಲ್ಲ. ಎರಿ ಮಣ್ಣು ಬೆರಳಿಗೆ ಬೆಣ್ಣೆಯಂತೆ ಸುತ್ತಿಕೊಳ್ಳುತ್ತದೆ, ಒಣಗಿದಾಗ ಸೀಳುತ್ತದೆ. ಯಾಕೆ?

ನಮ್ಮ ಜಿಲ್ಲೆಯ ನಕ್ಷೆಯಲ್ಲೇ ಅರ್ಧ ಉತ್ತರ ಇದೆ. ಬಮ್ಮಿಗಟ್ಟಿ ಇರುವ ಕಲಘಟಗಿ ತಾಲ್ಲೂಕು ಮಲೆನಾಡಿನ ಸೆರಗು. ಇಲ್ಲಿ ಮಳೆ ಹೆಚ್ಚು, ಮಸಾರಿ ಮಣ್ಣೂ ಉಂಟು, ಎರಿಯೂ ಉಂಟು. ಈಶಾನ್ಯಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಹೋದಂತೆ ಮಳೆ ಕಡಿಮೆಯಾಗಿ ಎರಿ ಭೂಮಿಯೇ ಹಬ್ಬುತ್ತದೆ. ಮಳೆ ಜೋರಾಗಿದ್ದು ನೀರು ಬಸಿದು ಹೋಗುವಲ್ಲಿ ಕಲ್ಲು ಕೊಳೆತು ಹೆಚ್ಚಾಗಿ ಕ್ಯಾಯೊಲಿನೈಟ್ ಎಂಬ ಖನಿಜವಾಗುತ್ತದೆ. ಮಳೆ ಕಡಿಮೆ ಇದ್ದು ನೀರು ನಿಲ್ಲುವಲ್ಲಿ ಮಾಂಟ್‌ಮೊರಿಲೊನೈಟ್ ಆಗುತ್ತದೆ. ಎರಿ ಮಣ್ಣಿನ ಗುಣವೆಲ್ಲ ಈ ಎರಡನೆಯದರದ್ದು.

ಎರಡೂ ಪದರ ಪದರದ ಖನಿಜಗಳೇ, ಜೋಳದ ರೊಟ್ಟಿಯ ಕಟ್ಟಿನ ಹಾಗೆ. ಕ್ಯಾಯೊಲಿನೈಟಿನ ರೊಟ್ಟಿಗಳು ಹೈಡ್ರೋಜನ್ ಬಂಧದಿಂದ ಬಿಗಿಯಾಗಿ ಅಂಟಿಕೊಂಡಿವೆ. ಒಂದೊಂದು ಪದರ ಸುಮಾರು 0.7 ನ್ಯಾನೊಮೀಟರ್. ನಡುವೆ ನೀರು ನುಗ್ಗೋದಿಲ್ಲ. ಮಾಂಟ್‌ಮೊರಿಲೊನೈಟಿನಲ್ಲಿ ಈ ಹಿಡಿತ ಸಡಿಲ. ನೀರು ಒಳಗೆ ಹೊಕ್ಕು, 1 ನ್ಯಾನೊಮೀಟರ್ ಇದ್ದ ಪದರದ ಅಂತರ ಎರಡು ಪಟ್ಟಿಗೂ ಹೆಚ್ಚಾಗಬಹುದು. ಒಣಗಿದಾಗ ಅಷ್ಟೂ ಕುಗ್ಗಬೇಕು. ಬೇಸಿಗೆಯಲ್ಲಿ ಹೊಲ ಬಾಯಿ ಬಿಡೋದು, ಎರಿ ಮೇಲೆ ಕಟ್ಟಿದ ಮನೆ ಗೋಡೆ ಸೀಳೋದು, ಹಸಿ ಗಡಿಗಿ ಒಡೆಯೋದು ಎಲ್ಲಕ್ಕೂ ಕಾರಣ ಒಂದೇ.

ಹಂಗಾರ ಎರಿ ಪೂರ್ತಿ ನಿರುಪಯೋಗಿಯೇ? ಅಲ್ಲ. ಅದರ ಅಂಟು ಬೇಕು, ಕುಗ್ಗುವಿಕೆ ಬೇಡ. ಅದಕ್ಕೇ ಉಸುಕು, ಬೂದಿ ಕಲಸೋದು. ಉಸುಕಿನ ಕಣ ನೀರು ಕುಡಿಯೋದಿಲ್ಲ, ಕುಗ್ಗೋದೂ ಇಲ್ಲ. ಒಳಗಿನ ತೇವ ಹೊರಬರಲು ದಾರಿ ಬಿಡುತ್ತದೆ. ಕೆರೆಯ ತಳದ ಜೇಡಿ ಮಣ್ಣು ಕುಂಬಾರಿಕೆಗೆ ಒದಗುವುದಕ್ಕೂ ಕಾರಣವಿದೆ. ಹರಿದು ಬಂದ ನೀರು ದಪ್ಪ ಉಸುಕನ್ನು ಮೊದಲೇ ಬಿಟ್ಟು, ನುಣ್ಣನೆ ಕಣಗಳನ್ನು ಒಳಗೆ ತಂದು ಕೂಡಿಸಿರುತ್ತದೆ.

ಇನ್ನು ಬೆಂಕಿ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಎತ್ತುಗಳನ್ನು ನಾವು ಸುಡೋದಿಲ್ಲ, ಹಾಗಾಗಿ ನೀರಿಗೆ ಬಿದ್ದರೆ ಕರಗುತ್ತವೆ. ಗಡಿಗಿ ಕರಗೋದಿಲ್ಲ. ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್ ನಡುವೆ ಕ್ಯಾಯೊಲಿನೈಟ್ ತನ್ನ ರಚನೆಯೊಳಗಿನ ಹೈಡ್ರಾಕ್ಸಿಲನ್ನು ನೀರಾಗಿ ಬಿಟ್ಟುಕೊಡುತ್ತದೆ. ಶುದ್ಧ ಖನಿಜವಾದರೆ ತೂಕದ ಸುಮಾರು 14% ಇಳಿಯುತ್ತದೆ. ಇದಾದ ಮೇಲೆ ಎಷ್ಟು ನೆನೆಸಿದರೂ ಅದು ಮತ್ತೆ ಮೆತ್ತಗಿನ ಮಣ್ಣಾಗೋದಿಲ್ಲ. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಆವಿಗಿ ಬಾಯಿ ಮುಚ್ಚಿ ಹೊಗೆ ಒಳಗೇ ತಡೆದರೆ ಅದೇ ಮಣ್ಣು ಕರಿ ಗಡಿಗಿ ಆಗುತ್ತದೆ.

ಮಣ್ಣು ತಪ್ಪಿದರೆ ಕುಂಬಾರರಿಗೆ ನಷ್ಟ ಒಂದು ಗಡಿಗಿಯದಲ್ಲ. ಅಗೆದು, ಹದ ಮಾಡಿ, ತಟ್ಟಿ, ನೆರಳಲ್ಲಿ ಒಣಗಿಸಿದ ದಿನಗಳ ದುಡಿಮೆ, ಜತೆಗೆ ಉರಿಸಿದ ಕಟ್ಟಿಗೆ ಎಲ್ಲಾ ಒಂದೇ ಆವಿಗಿಯಲ್ಲಿ ಹೋಗುತ್ತದೆ. ಇಂಥ ಮಣ್ಣಿನ ಕೆಲಸ ಕಲಿಸಲೆಂದೇ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ನಮ್ಮ ಲ್ಯಾಬೂ ಇದಕ್ಕೆ ಒದಗಬಹುದು. ಮೂರು ಸುಲಭ ಪರೀಕ್ಷೆಗಳು ಇಲ್ಲಿವೆ.

1. ಬತ್ತಿ: ಪೆನ್ಸಿಲ್ ದಪ್ಪ ಹೊಸೆದು ಬೆರಳಿಗೆ ಸುತ್ತಿ. ಬಿರಿದರೆ ಅಂಟು ಸಾಲದು.

2. ಕುಗ್ಗುವಿಕೆ: ಹಸಿ ಪಟ್ಟಿಯ ಮೇಲೆ 10 ಸೆಂ.ಮೀ. ಗೆರೆ ಕೊರೆದು ನೆರಳಲ್ಲಿ ಒಣಗಿಸಿ. ಗೆರೆ 9.4ಕ್ಕೆ ಇಳಿದರೆ ಕುಗ್ಗಿದ್ದು 6%. 10% ದಾಟಿದರೆ ಸೀಳುವ ಭಯ. ಉಸುಕು ಸೇರಿಸಿ ಮತ್ತೆ ನೋಡಿ.

3. ಉಬ್ಬುವಿಕೆ: ಜರಡಿ ಹಿಡಿದ ಒಣ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಜಾಡಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಚಿಮಣಿ ಎಣ್ಣೆ. 24 ತಾಸು ಬಿಟ್ಟು ಅಳೆಯಿರಿ. ಎಣ್ಣೆಯಲ್ಲಿ ಮಣ್ಣು ಉಬ್ಬೋದಿಲ್ಲ. ನೀರಿನಲ್ಲಿ 16 ಮಿ.ಲೀ., ಎಣ್ಣೆಯಲ್ಲಿ 10 ಮಿ.ಲೀ. ಬಂದರೆ ಉಬ್ಬಿದ್ದು 60%. ಅದು ಎರಿಯ ಗುಣ.

ಕೆರೆ ಹೂಳೆತ್ತುವಾಗ ಟ್ರ್ಯಾಕ್ಟರುಗಟ್ಟಲೆ ಮಣ್ಣು ನೇರ ಹೊಲಕ್ಕೆ ಹೋಗುತ್ತದೆ. ಅದರಲ್ಲಿ ಗಡಿಗಿಗೆ ಒಪ್ಪುವ ಪದರ ಯಾವುದು ಅಂತ ಮೊದಲೇ ತಿಳಿದರೆ ಅಷ್ಟನ್ನು ಬೇರೆ ಇಡಬಹುದು. ಸೂಟಿಗೆ ಊರಿಗೆ ಹೋದವರು ತಮ್ಮೂರ ಕೆರೆಯ ಮಣ್ಣು ಎರಡು ಕಿಲೋ ತನ್ನಿ. ಯಾವ ಕೆರೆ, ಎಷ್ಟು ಆಳ ಅಂತ ಚೀಟಿ ಹಚ್ಚಿ. ಪರೀಕ್ಷೆ ಕೂಡಿ ಮಾಡೋಣ, ಬಂದ ಅಂಕಿಗಳನ್ನು ಆಯಾ ಊರಿನ ಕುಂಬಾರರಿಗೆ ಮುಟ್ಟಿಸೋಣ.