ಗ್ಲಾಕೋಮಾ: ಉಳಿದ ದೃಷ್ಟಿಯನ್ನು ಕಾಪಾಡಿಕೊಳ್ಳಿ

ಬೆಳೆಗೆ ರೋಗ ತಗಲಿದರೆ ಎಲೆಯ ಮೇಲೆ ಗುರುತು ಕಾಣುತ್ತದೆ. ಗ್ಲಾಕೋಮಾ ಸಾಮಾನ್ಯವಾಗಿ ಹಾಗಲ್ಲ. ನೋವಿಲ್ಲದೆ, ಕಣ್ಣು ಕೆಂಪಾಗದೆ, ಮೊದಲು ಪಕ್ಕದ ನೋಟ ಕುಗ್ಗುತ್ತದೆ. ಎದುರಿನ ವಸ್ತು ಸ್ಪಷ್ಟವಾಗಿಯೇ ಕಾಣುವುದರಿಂದ ಅನುಮಾನ ಬರುವುದಿಲ್ಲ. ತಮಿಳುನಾಡಿನ ಗ್ರಾಮಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ, ಈ ರೋಗವಿದ್ದ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಅದು ತಿಳಿದೇ ಇರಲಿಲ್ಲ.

ಕಣ್ಣಿನೊಳಗೆ ಸದಾ ಒಂದು ದ್ರವ ಉತ್ಪತ್ತಿಯಾಗಿ ಹೊರಕ್ಕೆ ಹರಿಯುತ್ತಿರುತ್ತದೆ. ಬಸಿಗಾಲುವೆ ಕಟ್ಟಿಕೊಂಡ ಗದ್ದೆಯಲ್ಲಿ ನೀರು ನಿಲ್ಲುವಂತೆ, ಈ ದ್ರವ ಸರಾಗವಾಗಿ ಹೋಗದಿದ್ದರೆ ಒಳ ಒತ್ತಡ ಏರಿ ದೃಷ್ಟಿ ನರಕ್ಕೆ ಹಾನಿಯಾಗುತ್ತದೆ. ಕೆಲವರಲ್ಲಿ ಒತ್ತಡ ಸಹಜವಾಗಿದ್ದರೂ ಹಾನಿಯಾಗುವುದುಂಟು. ಹೋದ ದೃಷ್ಟಿ ಮರಳಿ ಬಾರದು, ಉಳಿದುದನ್ನು ಕಾಪಾಡಬಹುದು.

ದೃಷ್ಟಿನಾಶದ ಅಪಾಯ ಯಾರಿಗೆ ಹೆಚ್ಚು?

1. ತಡವಾಗಿ ಬಂದವರಿಗೆ: ಮಂಜಾದ ನೋಟವನ್ನು ಕಣ್ಣಿನ ಪೊರೆಯೆಂದು ತಿಳಿದು, ‘ಪೊರೆ ಬಲಿಯಲಿ’ ಎಂದು ಕಾಯುವವರು ಅನೇಕರು. ಪೊರೆಗೆ ಶಸ್ತ್ರಚಿಕಿತ್ಸೆಯಿಂದ ನೋಟ ಮರಳುತ್ತದೆ, ಗ್ಲಾಕೋಮಾಕ್ಕೆ ಮರಳುವುದಿಲ್ಲ.

2. ಔಷಧಿ ನಿಲ್ಲಿಸುವವರಿಗೆ: ಹನಿ ಹಾಕಿದರೆ ನೋಟ ಹೆಚ್ಚುವುದಿಲ್ಲ, ಬಿಟ್ಟರೆ ನೋವಾಗುವುದಿಲ್ಲ. ಹಾಗಾಗಿ ಸುಗ್ಗಿಯ ಕೆಲಸದಲ್ಲಿ ಮರೆತುಹೋಗುತ್ತದೆ. ಒತ್ತಡ ಮಾತ್ರ ಮತ್ತೆ ಏರುತ್ತದೆ. 2003ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಂತೆ, ಒತ್ತಡ ಪಾದರಸದ 1 ಮಿಲಿಮೀಟರಿನಷ್ಟು ಇಳಿದರೂ ರೋಗ ಮುಂದುವರಿಯುವ ಅಪಾಯ ಸುಮಾರು ಶೇಕಡ 10ರಷ್ಟು ತಗ್ಗುತ್ತದೆ.

3. ಸ್ಟೀರಾಯ್ಡ್ ಹನಿ ಬಳಸುವವರಿಗೆ: ಒಕ್ಕಣೆಯ ದೂಳಿಗೆ ಕಣ್ಣು ಕೆಂಪಾದಾಗ ಅಂಗಡಿಯಿಂದ ತಾವೇ ತಂದ ಹನಿಯಲ್ಲಿ ಸ್ಟೀರಾಯ್ಡ್ ಇರಬಹುದು. ವಾರಗಟ್ಟಲೆ ಹಾಕಿದರೆ ಒಳ ಒತ್ತಡ ಏರಬಹುದು.

4. ಇತರರು: ವಯಸ್ಸಾದವರು, ರಕ್ತಸಂಬಂಧಿಗಳಲ್ಲಿ ರೋಗವಿರುವವರು, ಕಣ್ಣಿಗೆ ಬಲವಾದ ಪೆಟ್ಟು ಬಿದ್ದವರು, ಸಮೀಪದೃಷ್ಟಿಯ ಕನ್ನಡಕದ ನಂಬರ್ ಹೆಚ್ಚಿರುವವರು.

ನೀವು ಮಾಡಬೇಕಾದುದು

* 40 ವರ್ಷ ದಾಟಿದವರು ಕಣ್ಣಿನ ಒತ್ತಡ, ದೃಷ್ಟಿ ನರ ಎರಡನ್ನೂ ಪರೀಕ್ಷಿಸಿಕೊಳ್ಳಿರಿ. ಒಬ್ಬರಿಗೆ ರೋಗವಿದ್ದರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ಕರೆದೊಯ್ಯಿರಿ.
* ಹನಿಯನ್ನು ದಿನವೂ ಗೊತ್ತಾದ ವೇಳೆಗೆ ಹಾಕಿರಿ. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿರಿ. ಎರಡು ಬಗೆಯ ಹನಿಗಳ ನಡುವೆ ಐದು ನಿಮಿಷ ಬಿಡಿರಿ.
* ಉಬ್ಬಸವಿದ್ದರೆ ವೈದ್ಯರಿಗೆ ಮೊದಲೇ ಹೇಳಿರಿ. ಕೆಲವು ಹನಿಗಳಿಂದ ಅದು ಉಲ್ಬಣಿಸುತ್ತದೆ.
* ಹಠಾತ್ತನೆ ಕಣ್ಣುನೋವು, ತಲೆನೋವು, ವಾಂತಿ ಬಂದು, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಪಿತ್ತವೆಂದು ಸುಮ್ಮನಿರಬೇಡಿರಿ. ಇದು ರೋಗದ ಇನ್ನೊಂದು ಬಗೆ. ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿರಿ.

ಸೀಸೆ ಮುಗಿಯುವ ಮೊದಲೇ ಇನ್ನೊಂದನ್ನು ತಂದಿಟ್ಟುಕೊಳ್ಳಿರಿ. ನೋಟ ಚೆನ್ನಾಗಿದೆ ಎಂದು ತಪಾಸಣೆಯನ್ನು ಮುಂದೂಡಬೇಡಿರಿ.